ಮಾಸ್ತರ ಕಾರಿಗೆ ಮೂರು ಕಾರಣ

ಹೊನ್ನಾವರದಲ್ಲಿ ಬಂದರು ರಸ್ತೆಯಿಂದ ಒಳಗೆ ತಿರುಗುವ ಆ ಓಣಿಯಲ್ಲಿದ್ದದ್ದು ಎರಡೇ ಮನೆ. ಮೊದಲನೆಯದು ತ್ರ್ಯಂಬಕ ಭಟ್ಟರದು, ತುದಿಯದು ಶಾಂತಾರಾಮ ಮಾಸ್ತರದು. ಭಟ್ಟರು ಭೂಮಾಪನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರ್ವಿಸ್ ಪೂರ್ತಿ ಗಡಿ ತಕರಾರಿನ ಅರ್ಜಿ ಓದಿದ್ದೇ ಓದಿದ್ದು. ಅಣ್ಣ ತಮ್ಮನ ಬೇಲಿ ಸರಿಸಿದ್ದು, ಅಳಿಯ ಮಾವನ ಬಾವಿ ನುಂಗಿದ್ದು, ಎಲ್ಲ ಅವರ ಕಣ್ಣ ಮುಂದೆ ಹಾದುಹೋಗಿತ್ತು. ಕಡೆಕಡೆಗೆ ಯಾರಾದರೂ ನಮಸ್ಕಾರ ಅಂದರೂ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುವ ಮಟ್ಟಕ್ಕೆ ಬಂದಿದ್ದರು.

ಅಂಥವರು ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಿಟಕಿಯಿಂದ ಹೊರಗೆ ನೋಡಿದರೆ, ಶಾಂತಾರಾಮ ಮಾಸ್ತರು ಓಣಿಯ ತಿರುವಿನಲ್ಲಿ ಬಿದಿರಿನ ಕೋಲೊಂದನ್ನು ಅಡ್ಡ ಹಿಡಿದು ನಿಂತಿದ್ದಾರೆ. ಕೋಲಿನ ಒಂದು ತುದಿ ಆಚೆ ಬೇಲಿಗೆ, ಇನ್ನೊಂದು ತುದಿ ಭಟ್ಟರ ಹಿತ್ತಿಲ ಸುತ್ತಲಿನ ಗೋಡೆಗೆ, ಅವರ ಪಾಗಾರಕ್ಕೆ. ಭಟ್ಟರು ಕಿಟಕಿ ಬಿಟ್ಟು ಕದಲಲಿಲ್ಲ. ಕೈಯಲ್ಲಿದ್ದ ಚಹಾ ಆರಿತು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ನರ್ಮದಾ ಸುದ್ದಿ ತಂದಳು. ಮಾಸ್ತರು ಕಾರು ಕೊಳ್ಳುತ್ತಾರಂತೆ. ಅವರ ತಾಯಿ ದೇವಮ್ಮ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಮಳೆಗಾಲವಿಡೀ ಮಲಗಿದ್ದಳು. ಆಪರೇಷನ್ ಆಗಿತ್ತು, ಆದರೂ ಕುಮಟಾದ ಡಾಕ್ಟರ ಹತ್ತಿರ ಹೋಗಿ ಬರುವುದು ತಪ್ಪಿರಲಿಲ್ಲ. ಹೈವೇ ಮೇಲೆ ರಿಕ್ಷಾ ಕುಲುಕಿದರೆ ಮುದುಕಿ ಜೀವ ಹೋದಂತೆ ನರಳುತ್ತಿದ್ದಳು. ಕಾರೇ ಬೇಕು, ಅದೂ ಮನೆ ಬಾಗಿಲಿಗೇ ಬರಬೇಕು.

ಭಟ್ಟರಿಗೆ ದೇವಮ್ಮನ ಮೇಲೆ ಕನಿಕರ ಇರಲಿಲ್ಲವೆಂದಲ್ಲ. ಆದರೆ ಕನಿಕರ ಬೇರೆ, ಜಾಗ ಬೇರೆ. ಇವತ್ತು ಕಾರು ಬರುತ್ತದೆ, ನಾಳೆ ತಿರುವಿನಲ್ಲಿ ಗಾಲಿ ತಾಗುತ್ತದೆ, ನಾಡಿದ್ದು ರಸ್ತೆ ಮೊದಲಿಂದಲೂ ಇಷ್ಟೇ ಅಗಲ ಇತ್ತು ಎಂದು ಒಂದು ಅರ್ಜಿ ಬೀಳುತ್ತದೆ. ಇಂಥ ಎಷ್ಟು ಕಥೆಗಳನ್ನು ಅವರು ಫೈಲು ಕಟ್ಟಿ ಅಟ್ಟಕ್ಕೆ ಹಾಕಿಲ್ಲ! ತಿರುವಿನ ಆ ಮೂಲೆ ಎರಡು ಬಾಳೆಗಿಡಕ್ಕೂ ಸಾಲದ್ದು, ನಿಜ. ಆದರೆ ಅಪ್ಪ ಬಿಟ್ಟುಹೋದ ಜಾಗ ಮಗನ ಕಾಲದಲ್ಲಿ ಹೋಯಿತು ಎಂಬ ಮಾತು ಬರಬಾರದು. ಅವರ ನಿದ್ದೆ ಕೆಡಿಸಿದ್ದು ಇದೊಂದೇ.

ಮರುದಿನವೇ ಹಿತ್ತಿಲಲ್ಲಿ ಬಿದ್ದಿದ್ದ ಚಿರೆಕಲ್ಲುಗಳನ್ನು ಹೊತ್ತು ತಂದು ಪಾಗಾರದ ಹೊರಗೆ, ತಿರುವಿನಲ್ಲಿ, ಸಾಲಾಗಿ ಇಟ್ಟರು. ನಡುವೆ ದಾಸವಾಳದ ಗೆಲ್ಲು ಊರಿದರು. ಓಣಿ ಒಂದು ಗೇಣು ಕಿರಿದಾಯಿತು. ಕಲ್ಲಿಟ್ಟ ಜಾಗ ತನ್ನದೇ ಎಂದು ಅವರಿಗೆ ಪೂರ್ತಿ ಖಾತ್ರಿ ಇರಲಿಲ್ಲ. ಊರವರ ಜಾಗದ ಅಳತೆಯನ್ನೆಲ್ಲ ಬರೆದಿಟ್ಟವರು ತನ್ನದನ್ನು ಮಾತ್ರ ಅಳೆಸುವ ಉಸಾಬರಿಗೆ ಹೋದವರಲ್ಲ.

ಮಾಸ್ತರು ಕೇಳಲು ಬಂದೇ ಬರುತ್ತಾರೆ, ಬಂದರೆ ಏನು ಹೇಳಬೇಕು ಎಂಬುದನ್ನು ಭಟ್ಟರು ಸ್ನಾನ ಮಾಡುವಾಗೆಲ್ಲ ಬಾಯಿಪಾಠ ಮಾಡಿದರು. ಮಾಸ್ತರು ಬರಲಿಲ್ಲ. ಎದುರು ಸಿಕ್ಕಾಗ ಕಲ್ಲುಗಳನ್ನು ಒಮ್ಮೆ ನೋಡಿ, ದಾಸವಾಳ ಚೆನ್ನಾಗಿ ಚಿಗುರಿದೆ ಎಂದು ಹೇಳಿ ಹೋದರು. ಜಗಳವಾಡಿದ್ದರೆ ಭಟ್ಟರಿಗೆ ಸಮಾಧಾನವಾಗುತ್ತಿತ್ತು. ಈ ಸಭ್ಯತೆಯ ಹಿಂದೆ ಏನೋ ದೊಡ್ಡದೇ ಇದೆ ಎಂದು ಅವರಿಗೆ ಅನ್ನಿಸಿತು.

ದೀಪಾವಳಿಗೆ ಕಾರು ಬಂತು. ಮಾಸ್ತರು ಡೀಸೆಲ್ ಇಂಡಿಕಾ ನೋಡಿ ಬಂದಿದ್ದಾರೆ, ತಾಯಿಗೆ ಕಾಲು ಚಾಚಲು ಅದೇ ಸರಿ ಅಂದರಂತೆ ಎಂದು ಊರೆಲ್ಲ ಹೇಳುತ್ತಿತ್ತು. ಬಂದದ್ದು ನೋಡಿದರೆ ಪುಟ್ಟ ಬಿಳಿ ಆಲ್ಟೊ. ಎರಡೂ ಬದಿಯ ಕನ್ನಡಿ ಮಡಚಿಕೊಂಡು, ಕಲ್ಲಿಗೂ ಬೇಲಿಗೂ ತಾಗದೆ, ಮೆಲ್ಲಗೆ ತಿರುವು ದಾಟಿ ಒಳಗೆ ಹೋಯಿತು.

ಭಟ್ಟರು ಬೇಹುಗಾರಿಕೆಗೆ ಇಳಿದರು. ಅಂಗಡಿ ಅನಂತಮೂರ್ತಿ ಹೇಳಿದ ಪ್ರಕಾರ ಮಾಸ್ತರು ಈ ಕಾರು ಕೊಂಡದ್ದು ಮೈಲೇಜಿಗೆ. ಮಾಸ್ತರ ಜೊತೆ ಶಾಲೆಯಲ್ಲಿದ್ದವರೊಬ್ಬರು, ರಿಪೇರಿ ಹತ್ತಿರದಲ್ಲೇ ಆಗುತ್ತದೆ, ಸಾಮಾನು ಎಲ್ಲ ಕಡೆ ಸಿಗುತ್ತದೆ, ಅದಕ್ಕೇ ಕೊಂಡದ್ದು ಅಂದರು. ಭಟ್ಕಳದಿಂದ ಬಂದ ಮಾಸ್ತರ ಭಾವನ ಬಾಯಲ್ಲಿ ಅದು, ನಾಳೆ ಮಾರಿದರೂ ಒಳ್ಳೆಯ ಬೆಲೆ ಬರುತ್ತದೆ ಎಂದಾಗಿತ್ತು. ಒಂದೇ ಪ್ರಶ್ನೆಗೆ ಒಬ್ಬನೇ ಮನುಷ್ಯ ಮೂರು ಜನರಿಗೆ ಮೂರು ಉತ್ತರ ಕೊಟ್ಟರೆ ಮೂರೂ ಸುಳ್ಳು ಎಂಬುದು ಭಟ್ಟರ ಕಚೇರಿಯ ಅನುಭವ. ನಾಲ್ಕನೆಯದನ್ನು ತಿಳಿಯದೆ ಅವರಿಗೆ ಊಟ ರುಚಿಸಲಿಲ್ಲ.

ಒಂದು ಶನಿವಾರ ದೇವಮ್ಮನನ್ನು ಕುಮಟಾಕ್ಕೆ ಹೊರಡಿಸುತ್ತಿದ್ದಾಗ ಭಟ್ಟರು ಕಾರು ನೋಡುವ ನೆವದಲ್ಲಿ ಅಲ್ಲಿಗೆ ಹೋದರು. ನರ್ಮದಾ ಆಗಲೇ ಅಲ್ಲಿದ್ದಳು, ಮುದುಕಿಯ ಒಂದು ತೋಳು ಹಿಡಿದು. ಸೀಟು ತಗ್ಗು. ದೇವಮ್ಮ ತಲೆ ಬಗ್ಗಿಸಬೇಕು, ಸೊಂಟ ಬಗ್ಗಿಸಬೇಕು, ಆಮೇಲೆ ಕಾಲು ಒಂದೊಂದಾಗಿ ಎತ್ತಿ ಒಳಗಿಡಬೇಕು. ಎರಡನೆಯ ಕಾಲು ಎತ್ತುವಾಗ ಮುದುಕಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ನೋಡಲಾಗಲಿಲ್ಲ.

ಭಟ್ಟರು ಬಂದದ್ದು ಗುಟ್ಟು ಹಿಡಿಯಲು. ಆದರೆ ಬಾಯಿಂದ ಬಂದದ್ದು ಸಂಕಟವೇ. ಇಂಡಿಕಾ ಆಗಿದ್ದರೆ ಇಷ್ಟು ಕಷ್ಟ ಇರಲಿಲ್ಲವಲ್ಲ ಮಾಸ್ತರೇ, ಇದನ್ನೇ ಯಾಕೆ ಕೊಂಡಿರಿ ಎಂದು ಕೇಳಿಬಿಟ್ಟರು. ಮಾಸ್ತರು ಮೈಲೇಜು ಎಂದು ಶುರುಮಾಡಿದರು. ದೇವಮ್ಮ ತಡೆದಳು.

"ಎಂತಕ್ಕೆ ಸುಳ್ಳು ಹೇಳೂದು? ಭಟ್ಟರೇ, ನಿಮ್ಮ ಕಲ್ಲಿಗೆ ತಾಗ್ದೆ ಒಳಗೆ ಬರೂ ಗಾಡಿ ಇದೊಂದೇ ಇತ್ತು."

ಭಟ್ಟರ ಮುಖ ಕಪ್ಪಿಟ್ಟಿತು. ಒಂದು ಮಾತು ಕೇಳಬಹುದಿತ್ತಲ್ಲ ಎಂದು ತೊದಲಿದರು. ಉತ್ತರ ಬಂದದ್ದು ನರ್ಮದೆಯಿಂದ. ಅವಳು ಮುದುಕಿಯ ಸೀರೆಯ ನೆರಿಗೆ ಸರಿಮಾಡುತ್ತ, ಗಂಡನ ಕಡೆ ತಿರುಗದೆಯೇ ಹೇಳಿದಳು.

"ಕೇಳಡಿ ಹೇಳಿ ಆನೇ ಹೇಳಿದ್ದು. ಕೇಳಿದ್ರೆ ಇನ್ನೊಂದು ಸಾಲು ಕಲ್ಲು ಬತ್ತಿತ್ತು. ಸುಳ್ಳು ಎಂತ ಇದ್ದು ಅದ್ರಲ್ಲಿ?"

ಕೇಳಬೇಡಿ ಎಂದು ಮಾಸ್ತರಿಗೆ ಹೇಳಿಕೊಟ್ಟವಳು ಸ್ವಂತ ಹೆಂಡತಿ, ಆದರೂ ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಭಟ್ಟರಿಗೆ ಬಾಯಿಪಾಠ ಮಾಡಿದ್ದ ಮಾತೆಲ್ಲ ನೆನಪಿಗೆ ಬಂತು. ಒಂದರಲ್ಲೂ ಹೂಂ ಎಂಬ ಶಬ್ದವಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಜಾಗ ಬೇಡವಾಯಿತು. ಬರೀ ಕಲ್ಲಲ್ಲ, ತಿರುವಿನ ಪಾಗಾರವನ್ನೇ ಕೆಡವಿ ಮೂಲೆ ಬಿಟ್ಟುಕೊಡುತ್ತೇನೆ, ಈ ಕಾರು ಮಾರಿ ದೊಡ್ಡ ಗಾಡಿಯನ್ನೇ ತನ್ನಿ ಎಂದು ಒಂದೇ ಉಸಿರಿಗೆ ಹೇಳಿದರು. ಅಷ್ಟು ಮನಸಾರೆ ಅವರು ಯಾರಿಗೂ ಏನನ್ನೂ ಹೇಳಿರಲಿಲ್ಲ.

ಮಾಸ್ತರು ತಾಯಿಯ ಮುಖ ನೋಡಿದರು. ದೇವಮ್ಮ ನರ್ಮದೆಯ ಮುಖ ನೋಡಿದಳು. ನರ್ಮದಾ ಈಗ ಗಂಡನತ್ತ ತಿರುಗಿ, ಕಣ್ಣು ಸಣ್ಣದು ಮಾಡಿಕೊಂಡು, ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದಳು. ಮಾಸ್ತರು ಕಾರಿನ ಬಾಗಿಲು ಹಾಕಿ, ಬೀಗದ ಕೈ ತಿರುವುತ್ತ, ಬಹಳ ವಿನಯದಿಂದ ಕೇಳಿದರು.

"ಆತು ಭಟ್ಟರೇ. ಅದ್ಕೆ ಬದ್ಲಿಗೆ ನಾವು ಎಂತ ಬಿಟ್ಕೊಡ್ಬೇಕು ಹೇಳಿ."

ಏನೂ ಬೇಡ ಎನ್ನಲು ಭಟ್ಟರು ಬಾಯಿ ತೆರೆದರು. ಆದರೆ ಕಚೇರಿಯಲ್ಲಿ ತನ್ನ ಮೇಜಿನ ಮುಂದೆ ನಿಂತು ಏನೂ ಬೇಡ ಅಂದ ಒಬ್ಬನನ್ನೂ ಅವರು ನಂಬಿದವರಲ್ಲ. ಮಾಸ್ತರು ಸ್ವಲ್ಪ ಹೊತ್ತು ಕಾದು, ಡಾಕ್ಟರ ಟೈಮಾಯಿತು ಎಂದು ಹೇಳಿ ಕಾರು ಹೊರಡಿಸಿದರು.