ಹೊಗಳಬಾರದ ಬೆಕ್ಕು

ನಮ್ಮತ್ತೆ ಕೊಂಡಮ್ಮನವರ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಬೇಕೆಂದರೆ ನೀವು ಅವರಿಗೆ ಏನೂ ಆಗಿರಬಾರದು. ಪಕ್ಕದ ಮನೆ ಸೊಸೆ ಬಂಗಾರ, ಬಸ್ಸಿನ ಕಂಡಕ್ಟರೂ ಬಂಗಾರ. ಸ್ವಂತ ಮಗ ದಂಡಪಿಂಡ. ಇನ್ನು ನಾನು? ಹೆಸರು ಅಮೃತ, ಮಾಡೋ ಸಾರು ವಿಷ. ಮದುವೆಯಾದ ಹೊಸತರಲ್ಲಿ, ಬಂದ ನೆಂಟರೆದುರಿಗೆಲ್ಲ ಹೀಗನ್ನುತ್ತಾರಲ್ಲ ಎಂದು ಹಿತ್ತಲಲ್ಲಿ ಕೂತು ಅತ್ತಿದ್ದೇನೆ. ತಮ್ಮದನ್ನು ಬೇರೆಯವರ ಮುಂದೆ ಹೊಗಳಿದರೆ ದೃಷ್ಟಿಯಾಗುತ್ತದೆ ಅನ್ನುವುದು ಅವರ ನಂಬಿಕೆ ಎಂದು ತಿಳಿಯುವಷ್ಟರಲ್ಲಿ ನನಗೆ ಎರಡು ಮಕ್ಕಳಾಗಿದ್ದವು. ತಿಳಿದ ಮೇಲೂ ಒಂದು ಸಲವಾದರೂ ಹೊಗಳಬಾರದೇ ಅನಿಸುತ್ತದೆ.

ಕಳೆದ ಬೆಳೆಯಲ್ಲಿ ನಾವು ರೇಷ್ಮೆ ಹುಳು ಸಾಕುವ ಮನೆಗೆ ಇಲಿ ನುಗ್ಗಿ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯಲ್ಲಿದ್ದ ಗೂಡುಗಳನ್ನು ಕಚ್ಚಿ ಹಾಕಿದವು. ನಮ್ಮೂರು ಸಾದಲಿಯಲ್ಲಿ ಕೇಳಿದರೆ ಯಾರೂ ಬೆಕ್ಕು ಕೊಡಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಬೀದಿ ಪ್ರಾಣಿಗಳನ್ನು ಸಾಕಿ, ಬೇಕಾದವರಿಗೆ ಕೊಡುವ ಜಾಗವೊಂದಿದೆ ಎಂದು ಗೊತ್ತಾಗಿ ನಾನೇ ಹೋಗಿ ಒಂದನ್ನು ತಂದೆ. ಗೋಧಿ ಬಣ್ಣ, ಒಂದು ಕಿವಿ ಹರಿದಿತ್ತು. ಅಲ್ಲಿಯ ರೂಬಿ ಎಂಬ ಹುಡುಗಿ ನನ್ನನ್ನು ಕೂರಿಸಿಕೊಂಡು ಮನೆಮಠ ಎಲ್ಲ ವಿಚಾರಿಸಿದಳು. ಈಗಾಗಲೇ ಎರಡು ಮನೆಯವರು ಇದನ್ನು ವಾಪಸ್ ತಂದು ಬಿಟ್ಟಿದ್ದಾರೆ, ಮುಂದೊಂದು ದಿನ ಬಂದು ನೋಡುತ್ತೇನೆ, ಸರಿಯಿಲ್ಲವೆಂದರೆ ಕರೆದೊಯ್ಯುತ್ತೇನೆ ಎಂದಳು. ನನ್ನನ್ನು ಕೊಡುವಾಗ ನಮ್ಮಪ್ಪ ಕೂಡ ಇಷ್ಟು ವಿಚಾರಿಸಿರಲಿಲ್ಲ.

ಬೆಕ್ಕು ಬಂತು, ತಿಂತು, ಮಲಗಿತು. ಅತ್ತೆ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟರು. ಇಲಿ ಹಿಡಿಯುವುದಿರಲಿ, ಹಲ್ಲಿ ಲೊಚಗುಟ್ಟಿದರೂ ಹೋಗಿ ಅತ್ತೆಯ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು. ದಿನಕ್ಕೊಂದು ಹೊಸ ಬೈಗುಳ ತಿನ್ನುತ್ತಿತ್ತು. ಆದರೆ ನಾನೇನು ಕುರುಡಿಯಲ್ಲ. ಬೈಗುಳದ ಜೊತೆಗೆ ಹಾಲಿನ ಕೆನೆಯೂ ಅದರ ತಟ್ಟೆಗೇ ಹೋಗುತ್ತಿತ್ತು. ಕಾಲು ತೊಳೆಯದೆ ಹುಳುವಿನ ಮನೆಯೊಳಗೆ ಮಾವನವರನ್ನೇ ಬಿಡದ ಹೆಂಗಸು, ಬಾಗಿಲಲ್ಲಿ ಕೂತು ಚೊಂಬಿನ ನೀರಲ್ಲಿ ಅದರ ಪಾದಗಳನ್ನು ಒಂದೊಂದಾಗಿ ತೊಳೆದು, ಸೆರಗಿನಿಂದ ಒರೆಸಿ, ಒಳಗೆ ಕರೆದೊಯ್ಯುತ್ತಿದ್ದರು.

ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ರೂಬಿ ಬಂದಳು, ಕೈಯಲ್ಲೊಂದು ಮುಚ್ಚಳದ ಬುಟ್ಟಿ. ಬಂದವಳೇ ಬೆಕ್ಕನ್ನು ಸವರಿ, ಎಷ್ಟು ದುಂಡಗಾಗಿದೆ, ಮೈ ಎಷ್ಟು ಹೊಳೆಯುತ್ತಿದೆ ಎಂದಳು. ಅತ್ತೆಯ ಮುಖ ಗಂಟಾಯಿತು.

“ಏನ್ ಚೆಂದ ಬಿಡಮ್ಮ. ತಿನ್ನೋದು, ಮಲ್ಗೋದು. ಒಂದಿಲೀನೂ ಹಿಡ್ದಿಲ್ಲ. ದಂಡಕ್ಕೈತೆ.”

ರೂಬಿಯ ನಗು ಅಳಿಸಿಹೋಯಿತು. ಹಿಂದಿನ ಎರಡು ಮನೆಯವರೂ ಬೆಕ್ಕನ್ನು ತಂದುಬಿಟ್ಟಾಗ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರಂತೆ. ಅವಳು ವಾದ ಮಾಡಲಿಲ್ಲ.

“ಬೇಡ ಅಂದ್ರೆ ಪರವಾಗಿಲ್ಲಮ್ಮ. ನಾನು ಕರ್ಕೊಂಡೋಗ್ತೀನಿ,” ಎಂದು ಬುಟ್ಟಿ ತೆರೆದಳು. ಸೋಮಾರಿ ಹೆಸರು ಉಳಿಸಿಕೊಂಡಿತು. ಒಳಗೆ ಮೆತ್ತನೆ ಬಟ್ಟೆ ಕಂಡಿದ್ದೇ ತಾನಾಗಿ ಹತ್ತಿ ಮಲಗಿತು.

ಅತ್ತೆ ನನ್ನ ಕಡೆ ನೋಡಿದರು. ನೀನು ಹೇಳು ಅನ್ನುವ ನೋಟ ಅದು. ನಾನು ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಇಷ್ಟು ವರ್ಷ ಕಾದವಳು ನಾನು. ನನಗಲ್ಲದಿದ್ದರೆ ಬೆಕ್ಕಿಗಾದರೂ ಆ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲಿ ಎಂದು ಸೂರು ನೋಡುತ್ತಾ ನಿಂತೆ.

ರೂಬಿ ಅಂಗಳ ದಾಟಿ ಗೇಟಿಗೆ ಕೈಹಾಕಿದಳು.

“ನಿಲ್ಲಮ್ಮ,” ಅಂದರು ಅತ್ತೆ. ಆಮೇಲೆ ಗಂಟಲು ಸರಿಮಾಡಿಕೊಂಡು, “ಅದು ಒಳ್ಳೇದು. ಇಲಿ ಹಿಡಿಯಲ್ಲ ನಿಜ, ಆದ್ರೆ ಅದ್ರ ವಾಸ್ನೆಗೇ ಇಲಿ ಈ ಕಡೆ ಬರೋದು ಬಿಟ್ಟವೆ. ಕಾಲು ತೊಳ್ದ್ರೆ ಮಗೂ ತರ ಸುಮ್ನೆ ನಿಂತ್ಕಂತೈತೆ. ಹುಳಕ್ಕೆ ಸೊಪ್ಪು ಹಾಕಿ ಮುಗ್ಸೋಗಂಟ ನನ್ ಜತೇಲೇ ಇರ್ತೈತೆ. ಅದು ನಂಗೆ ಬೇಕು ಕಣಮ್ಮ.”

ಹೇಳಿ ಮುಗಿಸಿ, ಕದ್ದು ಸಿಕ್ಕಿಬಿದ್ದವರ ಹಾಗೆ ಅತ್ತಿತ್ತ ನೋಡಿದರು.

ರೂಬಿ ಬುಟ್ಟಿ ಕೆಳಗಿಟ್ಟು ನಕ್ಕುಬಿಟ್ಟಳು. ನಜರ್ ಬೀಳಬಾರದೆಂದು ಅವಳ ಅಮ್ಮಿಯೂ ಎಲ್ಲರೆದುರು ಅವಳನ್ನು ಕರಡಿ ಅನ್ನುತ್ತಾರಂತೆ; ತನಗೆ ಮೊದಲೇ ಹೊಳೆಯಬೇಕಿತ್ತು ಎಂದಳು. ನಾನು ಕೊಟ್ಟ ಕಾಫಿ ಕುಡಿದು ಹೊರಡುವಾಗ, ಕಾಫಿ ತುಂಬ ಚೆನ್ನಾಗಿತ್ತು, ನಿಮಗೆ ಒಳ್ಳೆಯ ಸೊಸೆ ಸಿಕ್ಕಿದ್ದಾರೆ ಎಂದು ಅತ್ತೆಗೆ ಹೇಳಿದಳು. ಅತ್ತೆ ತಡಮಾಡಲಿಲ್ಲ, ನನ್ನ ಸಾರಿನ ವಿಷಯ ತೆಗೆದರು. ಒಂದೇ ದಿನ ಎರಡು ಹೊಗಳಿಕೆ ಅವರಿಂದಾಗುವ ಮಾತಲ್ಲ.

ರೂಬಿಯ ಗಾಡಿ ತಿರುವು ದಾಟಿತೋ ಇಲ್ಲವೋ, ಅತ್ತೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಬಂದರು. ಸೋಮಾರಿಯನ್ನು ಪೂರ್ವಕ್ಕೆ ಮುಖ ಮಾಡಿ ಜಗಲಿಯ ಮೇಲೆ ಕೂರಿಸಿದರು. ನಾನು ಬಾಗಿಲಿಗೊರಗಿ ನಗುತ್ತಿದ್ದೆ.

“ನಗ್ಬೇಡ. ನೀನೂ ಬಾ, ಕೂತ್ಕೋ. ಹೋಗ್ತಾ ಹೋಗ್ತಾ ನಿನ್ಮೇಲೂ ಕಣ್ಣು ಹಾಕೋದ್ಳು.”

ಬೆಕ್ಕಿನ ಪಕ್ಕದಲ್ಲಿ ಕೂತೆ. ಬೆಕ್ಕಿಗೆ ಮೂರೇ ಸುತ್ತು ನಿವಾಳಿಸಿದ ಕೈ, ನನ್ನ ಮುಂದೆ ಬಂದು ಸುತ್ತುತ್ತಲೇ ಇತ್ತು. ಆಮೇಲೆ ಎಲ್ಲವನ್ನೂ ಒಲೆಗೆ ಹಾಕಿದರು. ಮೆಣಸಿನಕಾಯಿಯ ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತೆಂದು ಅರ್ಥ. ಅಂದು ಒಂದಿಷ್ಟೂ ಘಾಟು ಬರಲಿಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಸುರಿಯಿತು.

ಅತ್ತೆ ನನ್ನನ್ನು ನೋಡಿ ಬೆಕ್ಕಿನ ಕಡೆ ತಿರುಗಿದರು.

“ಅಳಕ್ಕೂ ನೆಟ್ಗೆ ಬರಲ್ಲ ನೋಡು ಇವ್ಳಿಗೆ,” ಅಂದರು.