ಅವ್ವನ ಪಾದದ ಅಳತೆ

"ಕಾಲ ನೆಟ್ಟಗ ಇಡ್ರಿ ಸಾವಕಾರ್ರ, ಬೆರಳ ಮಡಚಬ್ಯಾಡ್ರಿ," ಎನ್ನುತ್ತ ಕುಣಿ ತೋಡುವ ಮಾಯಪ್ಪ ಒಣಗಿದ ತೊಗರಿ ಕಡ್ಡಿಯನ್ನು ಗುರುಪುತ್ರಪ್ಪನ ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಹಿಡಿದು, ಮಿಕ್ಕಿದ್ದನ್ನು ಲಟಕ್ಕನೆ ಮುರಿದ.

ಬಿಲ್ವಪತ್ರೆಯ ಬುಟ್ಟಿ ಹಿಡಿದು ಹೊಲದ ಬದುವಿನ ಮೇಲೆ ಬರುತ್ತಿದ್ದ ಕಾಂತಾ ಅಲ್ಲೇ ನಿಂತಳು. ಸತ್ತವಳು ಅವಳ ಅವ್ವ, ಶಿವಲಿಂಗವ್ವ. ನಿನ್ನೆ ಸಂಜೆ ಬೆಳಗಾವಿಯ ರವಿವಾರ ಪೇಟೆಯ ಮನೆಯಲ್ಲಿ ಉಸಿರು ಬಿಟ್ಟವಳನ್ನು ಬೆಳಿಗ್ಗೆ ಅಪ್ಪನ ಮೆಣಸಿನಕಾಯಿ ಅಂಗಡಿಯ ಲಾರಿಯಲ್ಲೇ ಖಾನಾಪುರದ ಈ ಹೊಲಕ್ಕೆ ತಂದಿದ್ದರು. ಮನೆತನದವರ ಸಮಾಧಿಗಳೆಲ್ಲ ಇಲ್ಲೇ. ಲಿಂಗ ಕಟ್ಟಿಕೊಂಡವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಕುಣಿಯ ಉದ್ದಗಲವನ್ನೂ ಒಳಗೆ ಕೂರಿಸುವ ಗೂಡನ್ನೂ ಸತ್ತವರ ಪಾದದಿಂದ ಅಳೆಯುತ್ತಾರೆ. ಅಜ್ಜ ಹೋದಾಗ ಅಜ್ಜನ ಪಾದವನ್ನೇ ಅಳೆದದ್ದನ್ನು ಕಾಂತಾ ಕಣ್ಣಾರೆ ನೋಡಿದ್ದಳು.

"ಅವ್ವ ಅಲ್ಲಿ ಕುಂತಾಳ. ನೀವು ಅಪ್ಪನ ಕಾಲ ಯಾಕ ಅಳೀತೀರಿ?"

ಮಾಯಪ್ಪ ಕಡ್ಡಿ ಹಿಡಿದುಕೊಂಡು ಕಲ್ಲಯ್ಯನವರ ಮುಖ ನೋಡಿದ. ಕಲ್ಲಯ್ಯನವರು ಮಠದ ಅಯ್ಯನವರು, ಈ ಮನೆಯ ಹುಟ್ಟಿಗೂ ಸಾವಿಗೂ ಅವರೇ ಬೇಕು.

"ನಿಮ್ಮ ಮನ್ಯಾಗ ಹೆಣಮಕ್ಕಳಿಗೆ ಗಂಡನ ಪಾದಾನ ಅಳತಿ, ತಂಗಿ. ಮೊದಲಿಂದ ಹಂಗ ನಡಕೊಂಡ ಬಂದೈತಿ."

"ಲಿಂಗಾ ಕಟ್ಟುಮುಂದ ಅಪ್ಪಗೊಂದು ಮಂತ್ರ, ಅವ್ವಗೊಂದು ಮಂತ್ರ ಹೇಳಿದ್ರೇನ್ರಿ ಅಯ್ಯಾರ?"

"ಮಂತ್ರ ಒಂದ. ಅದು ಖರೇ." ಕಲ್ಲಯ್ಯನವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು. "ಆದರ ರೂಢಿ ಅಂತ ಒಂದ ಇರತೈತಲ್ಲ."

ಗುರುಪುತ್ರಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ನಡುವೆ ಬಾಯಿ ಹಾಕಿದ. "ಅಕಿ ಪಾದ ಇಷ್ಟಕ್ಕಿಷ್ಟ. ಅದರಾಗ ಅಳದರ ನಾಯಿಗೆ ತೆಗದಂಗ ಆಗತೈತಿ ಕುಣಿ. ಪ್ಯಾಟಿ ಮಂದಿ ಎಲ್ಲಾ ಬಂದೈತಿ. ಮೆಣಸಿನಕಾಯಿ ಸಾವಕಾರ ಹೇಂತಿ ಕುಣ್ಯಾಗೂ ಜೀನತನಾ ಮಾಡಿದ ಅಂದಾರು."

ಅಲ್ಲಿಗೆ ಮುಗಿಯಿತು. ಬದುಕಿರುವಾಗ ಅವಳಿಗೊಂದು ಮೂಲೆ ಬಿಟ್ಟುಕೊಡದವನು, ಸತ್ತ ಮೇಲೆ ತನ್ನ ಮರ್ಯಾದೆಗೆಂದು ಅಗಲವಾದ ಜಾಗ ತೆಗೆಸುತ್ತಿದ್ದ.

"ಅಕ್ಕಾ, ಮಂದಿ ಮುಂದ ಬ್ಯಾಡ," ಎಂದು ತಮ್ಮ ನಾಗಲಿಂಗ ಅವಳ ತೋಳು ಹಿಡಿದ. ಅವನ ಕೈ ಕೊಡವಿ ಕಾಂತಾ ಅವ್ವನ ಬಳಿ ಹೋಗಿ ಕೂತಳು. ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂತಿದ್ದ ಅವ್ವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಮೈಯೆಲ್ಲ ಉರಿಯುತ್ತಿತ್ತು ಕಾಂತಾಗೆ. ಅಪ್ಪನ ಮೇಲಷ್ಟೇ ಅಲ್ಲ, ಅವ್ವನ ಮೇಲೂ.

*

ಅದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಸುಮಾರು ಇರಬೇಕು. ಕಾಂತಾ ಇನ್ನೂ ಸಾಲೆಗೆ ಹೋಗುತ್ತಿದ್ದಳು. ಅವತ್ತು ಅವ್ವ ಬೇಗ ಮಿಂದು, ದೇವರ ಜಗಲಿಯ ಮುಂದೆ ಚಾಪೆ ಹಾಸಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಅಪ್ಪ ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದ.

"ನಾ ಇನ್ನೂ ಕುಂತಿಲ್ಲ, ನೀ ಕುಂತಿ?"

ಅವ್ವ ಕಣ್ಣೆತ್ತಲಿಲ್ಲ. ಅವನು ವಿಭೂತಿ, ಪತ್ರೆ ಇಟ್ಟಿದ್ದ ತಾಟನ್ನು ಒದ್ದ. ಅದು ಹೊಸ್ತಿಲಿಗೆ ಬಡಿದು ಮಗುಚಿ ಬಿತ್ತು. ಅವ್ವನ ಅಂಗೈ ಮಾತ್ರ ಅಲುಗಲಿಲ್ಲ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಆಮೇಲೆ ಎದ್ದಳು.

"ಇಬ್ಬರಿಗೂ ಕಲ್ಲಯ್ಯನವರ ಲಿಂಗಾ ಕಟ್ಟ್ಯಾರ. ನಿಮ್ಮದು ಗಂಡಲಿಂಗ, ನನ್ನದು ಹೆಣ್ಣಲಿಂಗ ಅಂತ ಅವರೇನ ಹೇಳಿಲ್ಲ. ನಿಮ್ಮ ಗಂಡಸ್ತನಾ ಅಂಗಡ್ಯಾಗ ಇಟಗೋರಿ, ಇಲ್ಲಿ ತರಬ್ಯಾಡ್ರಿ."

ಅವನು ಕಪಾಳಕ್ಕೆ ಬಾರಿಸಿದ. ಮರುದಿನದಿಂದ ಅವ್ವನ ಚಾಪೆ ಅಡುಗೆಮನೆಗೆ ಹೋಯಿತು, ಬೀಸುವ ಕಲ್ಲಿನ ಬಾಜುವಿಗೆ. ಸಾಯುವ ತನಕ ಅವಳು ಅಲ್ಲೇ ಕೂತಳು. ಅಷ್ಟಾದರೂ ದಿನಾ ಬೆಳಿಗ್ಗೆ ಗಂಡನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಾಂತಾ ಅದನ್ನು ನೋಡಲಾಗದೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

"ನಿನಗ ನಾಚಿಕಿ ಬರೂದಿಲ್ಲೇನ ಯವ್ವಾ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕಾಲ ಮುಟ್ಟಿದರ ಅವರ ಬಾಯಿ ಮುಚ್ಚತೈತಿ, ನಿನ್ನ ಸಾಲಿ ನಡೀತೈತಿ. ಅದು ಸಂಸಾರ. ಲಿಂಗಾ ಹಿಡಕೊಂಡ ಕುಂತಾಗ ನಾ ಯಾರ ಹೇಂತಿನೂ ಅಲ್ಲ. ಅಲ್ಲಿಗೆ ಯಾರೂ ಬರಾಕ ಆಗೂದಿಲ್ಲ."

ಕಾಂತಾ ಆಗ ಅದನ್ನು ನಂಬಲಿಲ್ಲ. ಹೇಡಿಯ ಮಾತು ಎಂದುಕೊಂಡಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ದೇಹವನ್ನು ಕುಣಿಗೆ ಇಳಿಸಿದರು. ಕಲ್ಲಯ್ಯನವರು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಡಿಸಿದರು. ಗಂಡನ ಪಾದದಿಂದ ಅಳೆದ ಗೂಡಿನಲ್ಲಿ ಅವ್ವನ ಎರಡೂ ಬದಿಗೆ ಜಾಗ ಉಳಿದಿತ್ತು. ಕೈ ಬಿಟ್ಟೊಡನೆ ಅವಳು ಬಲಕ್ಕೆ ವಾಲಿದಳು. ಲಿಂಗ ಜಾರಿ ಮಣ್ಣಿಗೆ ಬಿತ್ತು. ಮತ್ತೆ ಕೂರಿಸಿದರು, ಮತ್ತೆ ವಾಲಿದಳು.

"ಮಣ್ಣ ಎಳೀರಿ ಲಗೂ," ಎಂದ ಗುರುಪುತ್ರಪ್ಪ ಮೇಲಿನಿಂದ. "ಮಣ್ಣ ಬಿದ್ದ ಮ್ಯಾಲ ತಾನ ನಿಂದರತೈತಿ."

"ಲಿಂಗ ಕೈಯಾಗ ನಿಲ್ಲವಲ್ದು, ಸಾವಕಾರ್ರ," ಎಂದರು ಕಲ್ಲಯ್ಯನವರು.

"ತೊಡಿ ಮ್ಯಾಲ ಇಡ್ರಿ. ಹೆಂಗಸಿಗೆ ಅಷ್ಟ ಸಾಕು."

ಅಷ್ಟು ಸಾಕಂತೆ. ಕಪಾಳಕ್ಕೆ ಹೊಡೆಸಿಕೊಂಡೂ ಬಿಡದೆ ಹಿಡಿದಿದ್ದ ಒಂದೇ ಒಂದು ವಸ್ತು, ಅದೂ ಕೈಯಲ್ಲಿ ಬೇಡವಂತೆ. ಕಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯ ಅಂಚಿಗೆ ಕೈ ಊರಿ ಇಳಿದೇಬಿಟ್ಟಳು.

"ಏ, ಹೆಂಗಸು ಕುಣ್ಯಾಗ ಇಳೀಬಾರದು," ಎಂದು ಗುರುಪುತ್ರಪ್ಪ ಗದರಿದ.

"ಅವ್ವ ಏನ ಗಂಡಸಾ? ಅಕಿನ್ನ ನೀವ ಇಳಿಸೀರಿ."

ಕಾಂತಾ ಅವ್ವನನ್ನು ನೆಟ್ಟಗೆ ಮಾಡಿ ತನ್ನ ಹೆಗಲು ಆನಿಸಿ ಹಿಡಿದಳು. "ಮಾಯಪ್ಪ, ವಿಭೂತಿ ಗಟ್ಟಿ ಕೊಡು. ಹಸಿ ಮಣ್ಣೂ ತಾ."

ಮಾಯಪ್ಪ ಸಾವಕಾರನ ಕಡೆ ನೋಡಲಿಲ್ಲ. ಬುಟ್ಟಿ ತುಂಬಿ ಕೆಳಗೆ ಕೊಟ್ಟ. ಅವಳು ಎರಡೂ ಬದಿಗೆ ಒತ್ತೊತ್ತಿ ತುಂಬಿ ಗೂಡನ್ನು ಕಿರಿದು ಮಾಡಿದಳು. ಹೆಗಲು ತೆಗೆದು ನೋಡಿದಳು. ಅವ್ವ ವಾಲಲಿಲ್ಲ. ಬಿದ್ದ ಲಿಂಗವನ್ನು ಸೆರಗಿನಿಂದ ಒರೆಸಿ ಎಡ ಅಂಗೈಯಲ್ಲಿ ಇಟ್ಟಳು. ಬೆರಳುಗಳು ಸೆಟೆದಿದ್ದವು, ಒಂದೊಂದನ್ನೇ ಮಡಚಿ ಅದರ ಮೇಲೆ ಮುಚ್ಚಿದಳು. ಬೀಸುವ ಕಲ್ಲಿನ ಬಾಜುವಿನಲ್ಲಿ ಕೂರುತ್ತಿದ್ದ ಹಾಗೆಯೇ ಕೂತಿದ್ದಳು ಅವ್ವ.

"ಈಗ ಮಂತ್ರ ಹೇಳ್ರಿ ಅಯ್ಯಾರ. ಅದ ಮಂತ್ರ."

ಕಲ್ಲಯ್ಯನವರು ತಲೆ ತಗ್ಗಿಸಿ ಶುರುಮಾಡಿದರು.

"ಸಾಕಿನ್ನ, ಮ್ಯಾಲ ಬಾ," ಎಂದು ಕರೆದ ಅಪ್ಪ.

ಅವಳು ಹತ್ತಲಿಲ್ಲ. ಅಪ್ಪನ ಪಾದ ಅಳೆದು, ಅಗೆದವರು ಬಿಟ್ಟುಹೋಗಿದ್ದ ತೊಗರಿ ಕಡ್ಡಿ ಕುಣಿಯ ಮೂಲೆಯಲ್ಲಿತ್ತು. ಅದನ್ನು ಎತ್ತಿಕೊಂಡು, ಬಾಗಿ, ಅವ್ವನ ಹಿಮ್ಮಡಿಗೆ ಹಚ್ಚಿ ಹಿಡಿದಳು. ಹೆಬ್ಬೆರಳ ತುದಿಗೆ ಬಂದಲ್ಲಿ ಲಟಕ್ಕನೆ ಮುರಿದಳು. ಅವ್ವನಷ್ಟು ಉದ್ದದ್ದನ್ನು ಅವ್ವನ ಪಾದದ ಬಳಿ ಇಟ್ಟಳು. ಹೆಚ್ಚಾಗಿ ಉಳಿದ ತುಂಡನ್ನು ಮೇಲಕ್ಕೆ ಎಸೆದಳು. ಅದು ಗುರುಪುತ್ರಪ್ಪನ ಚಪ್ಪಲಿಗೆ ತಾಗಿ ಬಿತ್ತು.