ಹಿತ್ತಾಳೆಯ ಪಿನ್ನು

ಗೇರ್ ಆಯಿಲ್‌ಗೆ ನೀರು ಸೇರಿದರೆ ಅದು ಒಡೆದ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಮಾತ್ರ ಸತ್ತ ಪ್ರಾಣಿಯದು. ಮಾವನವರ ದೋಣಿಯ ಮೋಟಾರಿನ ಕೆಳಭಾಗ ಬಿಚ್ಚಿದ ದಿನ ಆ ಬಿಳಿ ಲೋಳೆ ನನ್ನ ಮೊಣಕೈವರೆಗೂ ಇಳಿಯಿತು. ಒಳಗೆ ಬೆರಳು ಹಾಕಿ ತಡಕಿದರೆ ಗೇರಿನ ಮುರಿದ ಹಲ್ಲುಗಳು ಒಂದೊಂದಾಗಿ ಕೈಗೆ ಸಿಕ್ಕವು. ಒಟ್ಟು ಏಳು. ತೊಳೆದು, ಹಳೆಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಥೂ ಎಂದು ಉಗಿದೆ.

ಕೊಳೆಗೆ ಹೇಸುವ ಹೆಂಗಸಲ್ಲ ನಾನು. ಇಪ್ಪತ್ತಾರು ವರ್ಷದಿಂದ ಈ ಷೆಡ್ಡಿನಲ್ಲಿ ದೋಣಿ ಮೋಟಾರು ರಿಪೇರಿ ಮಾಡುತ್ತಿದ್ದೇನೆ. ಸೀಮೆಎಣ್ಣೆ ಹಾಕಿ ಉಜ್ಜಿದ ಕೈಯಲ್ಲೇ ಎಷ್ಟೋ ಸಲ ಉಂಡಿದ್ದೇನೆ. ನನಗೆ ವಾಕರಿಕೆ ಬರುವುದು ಅಡ್ಡಕಸುಬಿ ಕೆಲಸ ಕಂಡಾಗ. ಆ ಮೋಟಾರಿನೊಳಗೆ ನನಗೆ ಸಿಕ್ಕಿದ್ದು ಅದೇ.

ಹೇಳಿಬಿಡುತ್ತೇನೆ. ನೀರನ್ನು ತಳ್ಳಿ ದೋಣಿ ಓಡಿಸುವ ಫ್ಯಾನನ್ನು ಮೋಟಾರಿನ ದಂಡಕ್ಕೆ ಕಚ್ಚಿಸಿ ಹಿಡಿಯುವುದು ಬೆಂಕಿಕಡ್ಡಿಗಿಂತ ಗಿಡ್ಡನೆಯ ಒಂದು ಹಿತ್ತಾಳೆ ಪಿನ್ನು. ಅದು ಮೆತ್ತಗಿರಲೇಬೇಕು. ಫ್ಯಾನು ನೀರಿನೊಳಗೆ ಕಲ್ಲಿಗೆ ಬಡಿದಾಗ ಮೊದಲು ಮುರಿಯುವುದು ಆ ಪಿನ್ನು. ಅದು ಮುರಿದರೆ ಗೇರ್ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಅದು ನಡೆಯುವುದಿಲ್ಲ, ಕೋಲು ಮುರಿಯಬೇಕು. ಈ ಮೋಟಾರಿನಲ್ಲಿ ಹಿತ್ತಾಳೆಯ ಬದಲು ಯಾರೋ ಡ್ರಿಲ್ ಬಿಟ್ಟಿನ ಬಾಲವನ್ನು ಕತ್ತರಿಸಿ ತುರುಕಿದ್ದರು. ಗಟ್ಟಿ ಉಕ್ಕು. ಕಲ್ಲಿಗೆ ಬಡಿದಾಗ ಪಿನ್ನಿನ ಕೂದಲೂ ಕೊಂಕಿರಲಿಲ್ಲ, ಗೇರ್ ಪುಡಿಯಾಗಿತ್ತು.

ಷೆಡ್ಡಿನಲ್ಲಿ ಕೆಲಸ ಮಾಡುವವರು ಇಬ್ಬರೇ, ನಾನು ಮತ್ತು ಮಾವ. ನನ್ನ ಗಂಡನಿಗೆ ಸ್ಪ್ಯಾನರ್ ಹಿಡಿಯುವ ತುದಿ ಯಾವುದೆಂದೂ ಗೊತ್ತಿಲ್ಲ. ಆ ಮೋಟಾರು ಅವರಿಗಿಂತ ಎರಡು ವರ್ಷ ದೊಡ್ಡದು, ಅವರಿಗಿಂತ ಹೆಚ್ಚು ದುಡಿದದ್ದು ಕೂಡ. ಹಾಗಾಗಿ ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಆದರೂ ಕೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ.

ಮಾವ ಸ್ಟೂಲಿನ ಮೇಲೆ ಕೂತಿದ್ದರು. ಮೋಟಾರು ಕೈಕೊಟ್ಟ ಮೇಲೆ ಕೆರೆಯ ನಡುವಿನಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ಹುಟ್ಟು ಹಾಕಿಕೊಂಡು ಬಂದಿದ್ದರಿಂದ ಎರಡೂ ಅಂಗೈಯಲ್ಲಿ ಬೊಬ್ಬೆ. ಉಕ್ಕಿನ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ನಾನು ಹಾಕಿದ ನೆನಪಿಲ್ಲಮ್ಮ.”

“ನಿಮಗೆ ಏನು ತಾನೆ ನೆನಪಿರುತ್ತೆ ಮಾವ? ಹೋದ ವಾರ ಪೆಟ್ರೋಲ್ ಟ್ಯಾಂಕಿನ ನಲ್ಲಿ ತೆಗೆದಿಟ್ಟು ಹೋಗಿ ಮಲಗಿದ್ರಿ. ಗ್ರೀಸ್ ಡಬ್ಬಿಗೆ ಅಂಟು ಸುರಿದಿದ್ರಿ.”

“ಅದು ಹೌದು.”

“ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಎಪ್ಪತ್ತೆಂಟು.”

ಅವರು ತುಂಡನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.

“ನೀನು ಹೇಳ್ತೀಯ ಅಂದ್ಮೇಲೆ ನಾನೇ ಇರ್ಬೇಕು.”

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅವರ ಷರಟಿನ ಜೇಬಿನಿಂದ ಷೆಡ್ಡಿನ ಕೀಲಿ ತೆಗೆದುಕೊಂಡೆ. ಆ ಉಕ್ಕಿನ ತುಂಡನ್ನು ತಂತಿಗೆ ಕಟ್ಟಿ ಕೆಲಸದ ಮೇಜಿನ ಮೇಲೆ, ಕಣ್ಣಿಗೆ ಬಡಿಯುವಂತೆ, ನೇತುಹಾಕಿದೆ.

ಮಾವನವರಿಗೆ ಆ ಮೋಟಾರು ಷೋಕಿಗಲ್ಲ. ಕೆರೆಯ ಆಚೆ ದಡದಲ್ಲಿ ಅವರ ಗೆಳೆಯ, ಒಬ್ಬ ಗಡಿಯಾರ ರಿಪೇರಿಯವರು, ಇದ್ದಾರೆ. ವಾರಕ್ಕೆ ಮೂರು ದಿನ ಹೋಗಿ ಚದುರಂಗ ಆಡುವುದು ಮೂವತ್ತು ವರ್ಷದ ರೂಢಿ. ದೋಣಿಯಲ್ಲಿ ಇಪ್ಪತ್ತು ನಿಮಿಷ. ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ಬಸ್ಸು, ನಾಲ್ಕು ಗಂಟೆ, ಜೊತೆಗೆ ಅವರ ಮೊಣಕಾಲು. ಬೇರೆ ಮೋಟಾರು ಕೊಡಿಸುತ್ತೇನೆಂದು ನನ್ನ ಗಂಡ ಹೇಳಿದಾಗ ಮಾವ ಒಪ್ಪಲಿಲ್ಲ.

“ಬೇಡ ಬಿಡಪ್ಪ. ನೀರಿನ ಮೇಲೆ ಹೋಗೋ ತಲೆ ಅಲ್ಲ ಇದು.”

ಆಮೇಲೆ ಅವರು ಒಲೆ ಹಚ್ಚುವುದನ್ನು ಬಿಟ್ಟರು. ಬಾಗಿಲು ಹಾಕಿ ಬಂದು, ಹಾಕಿದೆನಾ ನೋಡು ಎನ್ನುತ್ತಿದ್ದರು. ಮಾತ್ರೆ ನುಂಗುವ ಮೊದಲು ನನ್ನನ್ನು ಕರೆದು ತೋರಿಸುತ್ತಿದ್ದರು. ಅಂತೂ ಬುದ್ಧಿ ಬಂತು ಎಂದುಕೊಂಡೆ ನಾನು.

ಗೇರ್ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಆ ಮೋಟಾರು ಮಾಡಿದ ಕಂಪನಿ ಮುಚ್ಚಿ ಮೂವತ್ತು ವರ್ಷ. ಇಂಥ ಮೋಟಾರಿನ ಭಾಗ ಹುಡುಕುವುದೆಂದರೆ ಹೆಣದ ಮನೆಗಳಲ್ಲಿ ಸುತ್ತಿದ ಹಾಗೆ. ಮೊದಲ ಗುಜರಿಯವನು ತೋರಿಸಿದ ಮೋಟಾರಿನ ಮುಚ್ಚಳ ಎತ್ತಿದರೆ ಒಳಗೆ ಹೆಗ್ಗಣದ ಸಂಸಾರ. ವೈರುಗಳನ್ನೆಲ್ಲ ಕಚ್ಚಿ ಗೂಡು ಮಾಡಿಕೊಂಡು, ಅದರ ಮೇಲೇ ಉಚ್ಚೆ ಹೊಯ್ದು, ಅಲ್ಯೂಮಿನಿಯಂ ಕೂಡ ತಿಂದುಹೋಗಿತ್ತು. ಎರಡನೆಯವನು ತುಕ್ಕಿನ ಮೇಲೆ ಬೆಳ್ಳಿ ಬಣ್ಣ ಬಳಿದು, ಇವತ್ತು ತಾನೇ ಡಬ್ಬಿಯಿಂದ ತೆಗೆದೆ ಎಂದ. ಉಗುರಿನಿಂದ ಕೆರೆದು ತೋರಿಸಿದೆ. ನಾಚಿಕೆಯಿಲ್ಲದೆ ನಕ್ಕ. ಇನ್ನೊಬ್ಬ ಫೋನಿನಲ್ಲಿ ಒಂದು ಗೇರಿನ ಚಿತ್ರ ಕಳಿಸಿ, ಪಾರ್ಸೆಲ್ಲಿನಲ್ಲಿ ಹಿಟ್ಟಿನ ಗಿರಣಿಯದೋ ಏನೋ, ಇನ್ನೊಂದನ್ನು ಕಳಿಸಿದ. ಥೂ! ಒಬ್ಬೊಬ್ಬನ ಅಂಗಡಿಯಿಂದ ಬಂದಾಗಲೂ ಮೇಜಿನ ಮೇಲೆ ನೇತಾಡುವ ಆ ತುಂಡು ನೋಡಿ, ಇದೆಲ್ಲ ಇವರಿಂದಾಗಿ ಎಂದು ಇನ್ನೊಮ್ಮೆ ಕುದಿಯುತ್ತಿದ್ದೆ.

ಎರಡು ತಿಂಗಳಾದ ಮೇಲೆ ಪಾಲಿಶಪ್ಪನ ವಿಷಯ ತಿಳಿಯಿತು. ಈ ಕಸುಬಿನವರು ಅವನಿಗೆ ಇಟ್ಟ ಹೆಸರು ಅದು. ಹಳೆಯ ದೋಣಿ ಮೋಟಾರುಗಳನ್ನು ಕೂಡಿಡುತ್ತಾನೆ, ಉಜ್ಜುತ್ತಾನೆ, ನೀರಿಗೆ ಮಾತ್ರ ಇಳಿಸುವುದಿಲ್ಲ. ನಮ್ಮದೇ ಮಾದರಿಯ ಎರಡು ಅವನ ಹತ್ತಿರ ಇದ್ದವು. ಫೋನು ಮಾಡಿದೆ. ಗೇರ್ ಕೊಡುತ್ತೇನೆ, ದುಡ್ಡು ಬೇಡ, ನಿಮ್ಮ ಮೋಟಾರಿನ ಟೋಪಿ ಕೊಡಿ ಎಂದ. ಟೋಪಿ ಎಂದರೆ ಮೋಟಾರಿನ ತಲೆಯ ಮೇಲಿನ ತಗಡಿನ ಕವಚ. ನಮ್ಮದರ ಮೇಲೆ ಕಂಪನಿಯ ಹಕ್ಕಿ ಗುರುತು ಹಾಗೇ ಉಳಿದಿತ್ತು; ಅವನ ಎರಡರಲ್ಲೂ ಅಳಿಸಿಹೋಗಿತ್ತು. ಮುಖ ಕೊಟ್ಟು ಕರುಳು ತರುವ ವ್ಯಾಪಾರ. ಒಪ್ಪಿದೆ.

ನಮ್ಮ ಷೆಡ್ಡಿನಲ್ಲಿ ಮಾವ ಹಾಕಿದ ಒಂದು ನಿಯಮವಿದೆ. ಯಾವ ಮೋಟಾರಿಗೆ ಏನು ಮಾಡಿದರೂ ಅದನ್ನು ಅದರ ಟೋಪಿಯ ಒಳಗೆ ಪೆನ್ಸಿಲ್ಲಿನಲ್ಲಿ ಬರೆಯಬೇಕು, ದಿನಾಂಕ ಹಾಕಬೇಕು, ಕೆಳಗೆ ಮಾವ ಅಥವಾ ಸೊಸೆ ಎಂದು ಬರೆಯಬೇಕು. ಮತ್ತೆ ಬಿಚ್ಚುವವರು ಮೊದಲು ಅದನ್ನು ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಓದದೆ ಕೈ ಹಾಕಿದ್ದಕ್ಕೆ ಮಾವ ನನ್ನನ್ನು ಅರ್ಧ ದಿನ ಹೊರಗೆ ನಿಲ್ಲಿಸಿದ್ದರು. ಆದರೆ ಈ ಸಲ ನಾನು ಓದಿರಲಿಲ್ಲ. ತಪ್ಪು ಯಾರದೆಂದು ಗೊತ್ತಿದ್ದ ಮೇಲೆ ಓದುವುದೇನು? ಟೋಪಿ ಕಳಚಿ, ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಪಾಲಿಶಪ್ಪನ ಮನೆಯೊಳಗೆ ಕಾಲಿಟ್ಟರೆ ಮೈ ಜುಮ್ಮೆಂದಿತು, ಅದೂ ಹೇಸಿಗೆಯಿಂದ. ಫ್ಯಾನುಗಳ ನಡುವೆ ಮುಳ್ಳು ಸಿಕ್ಕಿಸಿ ಗೋಡೆ ಗಡಿಯಾರ ಮಾಡಿದ್ದ. ಒಂದು ಸಿಲಿಂಡರಿನಲ್ಲಿ ಪ್ಲಾಸ್ಟಿಕ್ ಹೂವು. ಸೋಫಾದ ಹಿಂದೆ ಹನ್ನೊಂದು ಮೋಟಾರುಗಳು ಸಾಲಾಗಿ, ಮೂತಿಗೆ ವಾರ್ನಿಷ್ ಬಳಿಸಿಕೊಂಡು ನಿಂತಿದ್ದವು. ಒಂದರಿಂದಲೂ ಪೆಟ್ರೋಲಿನ ವಾಸನೆಯಿಲ್ಲ. ಮನೆ ತುಂಬ ಅತ್ತರಿನ ಹಾಗೆ ಯಾವುದೋ ಸ್ಪ್ರೇ. ಗೇರನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದ. ಬಿಚ್ಚಿ ನೋಡಿದೆ. ಹಲ್ಲು ಒಂದೂ ಸವೆದಿರಲಿಲ್ಲ, ಹೇಗೆ ಸವೆಯಬೇಕು?

ಅವನು ಟೋಪಿಯ ಹಕ್ಕಿಯನ್ನು ಸವರಿ ಸವರಿ ಸಂತೋಷಪಟ್ಟ. ಆಮೇಲೆ ಮಗುಚಿದ. ಮುಖ ಹುಳಿ ತಿಂದವನಂತಾಯಿತು.

“ಏನ್ ಮೇಡಂ ಇದು, ಒಳಗೆಲ್ಲ ಗೀಚಿಬಿಟ್ಟಿದೀರಿ?”

“ಕೆಲಸದ ಬರಹ.”

“ಥೂ, ಎಷ್ಟು ಗಲೀಜು! ಕೇಳಿ ಇಲ್ಲಿ,” ಎಂದು ಕನ್ನಡಕ ಏರಿಸಿಕೊಂಡು, ಕೊನೆಯ ಸಾಲುಗಳನ್ನು ತಮಾಷೆಗೆ ರಾಗವಾಗಿ ಓದಿದ. “‘ಕಟ್ಟೆಯ ಗೂಟಕ್ಕೆ ಬಡಿದು ಪಿನ್ನು ತುಂಡು. ಹಿತ್ತಾಳೆ ಖಾಲಿ. ಡ್ರಿಲ್ ಬಿಟ್ ಕತ್ತರಿಸಿ ಹಾಕಿದೆ. ನಾಳೆ ಬದಲಿಸಬೇಕು. ಸೊಸೆ.’ ಯಾರ್ರೀ ಈ ಸೊಸೆ? ಬದಲಿಸಿದಳಾ?”

ಒಂಬತ್ತು ತಿಂಗಳ ಹಿಂದೆ ನನ್ನ ಗಂಡ ಛಾವಣಿಯಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆ ಇರುವುದು ಆಚೆ ದಡದಲ್ಲಿ. ದೋಣಿಯಲ್ಲಿ ಅವರು ನರಳುತ್ತ ಮಲಗಿದ್ದಾಗಲೇ ಫ್ಯಾನು ಗೂಟಕ್ಕೆ ಬಡಿಯಿತು. ಓಡಿಹೋಗಿ ಡ್ರಿಲ್ ಬಿಟ್ ಕತ್ತರಿಸಿ ತಂದು ತುರುಕಿದ್ದು ಈ ಕೈ. ಕಸುಬಿನ ರೂಢಿಗೆ ಟೋಪಿಯೊಳಗೆ ಬರೆದಿದ್ದೂ ಈ ಕೈ. ಆಮೇಲೆ ಮೂರು ವಾರ ಆಸ್ಪತ್ರೆಯಲ್ಲಿ ನನ್ನ ತಲೆಯೊಳಗೆ ಅವರ ಮೂಳೆ ಇತ್ತು, ಪಿನ್ನು ಇರಲಿಲ್ಲ. ನಾಳೆ ಬರಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವ ಜನರನ್ನು ಕಂಡರೆ ನನಗಾಗುವುದಿಲ್ಲ. ಹೆಗ್ಗಣ ನನ್ನ ಎಲೆಯಲ್ಲೇ ಇತ್ತು, ಎರಡು ತಿಂಗಳಿಂದ ನಾರುತ್ತಲೂ ಇತ್ತು.

“ಚಿಂತೆ ಇಲ್ಲ, ಒರೆಸಿಬಿಟ್ರಾಯ್ತು,” ಎಂದು ಪಾಲಿಶಪ್ಪ ಬಟ್ಟೆಯ ಚೂರಿಗೆ ಥಿನ್ನರ್ ಸುರಿದ.

ಆ ಗಳಿಗೆಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಒರೆಸಲಿ ಎನಿಸಿತು. ಗೇರ್ ಸಿಗುತ್ತದೆ, ಮೋಟಾರು ಓಡುತ್ತದೆ, ಮಾವ ಗೆಳೆಯನ ಮನೆಗೆ ಹೋಗುತ್ತಾರೆ, ನನ್ನ ಮಾನವೂ ಉಳಿಯುತ್ತದೆ. ಬಟ್ಟೆ ಮೇಲಿನ ಅಂಚಿಗೆ ತಾಗಿತು. ಮಾವನವರ ಮೊಟ್ಟಮೊದಲ ಸಾಲು, ನಾನು ಆ ಮನೆಗೆ ಬರುವುದಕ್ಕಿಂತ ಎಷ್ಟೋ ಮೊದಲು ಬರೆದದ್ದು, ಕರಗಿ ಬೂದು ನೀರಾಗಿ ಇಳಿಯಿತು. ಆ ಮನುಷ್ಯ ಯಾವತ್ತೂ ಸುಳ್ಳು ಬರೆದವರಲ್ಲ. ಅವರೀಗ ಒಲೆ ಹಚ್ಚುವುದಕ್ಕೂ ಹೆದರುತ್ತಿದ್ದಾರೆ. ಬರಿ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಮುದುಕನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅವರು ನಂಬುವುದು ಟೋಪಿಯೊಳಗೆ ಬರೆದದ್ದನ್ನು ಮಾತ್ರ.

“ಕೈ ತೆಗೀರಿ,” ಎಂದು ಟೋಪಿಯನ್ನು ಕಿತ್ತುಕೊಂಡೆ.

“ಟೋಪಿ ಇಲ್ಲ ಅಂದ್ರೆ ಗೇರೂ ಇಲ್ಲ ಮೇಡಂ.”

“ಇಟ್ಕೊಳ್ಳಿ. ಅದಕ್ಕೂ ಎರಡು ಮುಳ್ಳು ಸಿಕ್ಕಿಸಿ.”

ಬಸ್ಸಿನಲ್ಲಿ ಥಿನ್ನರಿನ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಹೋಗಲಿ, ನನಗೆ ನನ್ನ ಪಕ್ಕವೇ ಬೇಡವಾಗಿತ್ತು.

ಮಾವ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಗೇರ್ ಸಿಕ್ಕಿತಾ ಎಂದು ಕೇಳಿದರು. ಇಲ್ಲವೆಂದೆ. ಗಡಿಯಾರದ ಗೆಳೆಯ ಕೊಟ್ಟಿದ್ದ ಭೂತಗನ್ನಡಿಯನ್ನು ಅವರ ಕೈಗಿಟ್ಟು, ಟೋಪಿಯನ್ನು ತೊಡೆಯ ಮೇಲೆ ಮಗುಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರು ನಿಧಾನವಾಗಿ ಓದಿದರು. ಮತ್ತೆ ಮೊದಲಿನಿಂದ ಓದಿದರು.

“ಇದು ನಿನ್ನ ಅಕ್ಷರ.”

“ಹೌದು ಮಾವ.”

“ಹಾಗಾದ್ರೆ ನಾನಲ್ಲ.”

“ನೀವಲ್ಲ. ನಾನೇ. ನಿಮ್ಮ ಮೇಲೆ ಹಾಕಿದೆ.”

ಅವರು ಕನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡರು. “ದಿನಾ ಮಲಗೋವಾಗ ಹಳೇ ಆಟದ ಒಂದಷ್ಟು ನಡೆ ನೆನಪು ಮಾಡ್ಕೊಂಡು ಮಲಗ್ತಿದ್ದೆ. ಬೆಳಿಗ್ಗೆ ಎದ್ದು ಎಷ್ಟು ಉಳಿದಿದೆ ಅಂತ ನೋಡೋದು.”

“ಉಳಿದಿರ್ತಿತ್ತಾ?”

“ಎಲ್ಲಾನೂ ಉಳಿದಿರ್ತಿತ್ತು. ಆದ್ರೂ ನೀನು ಹೇಳಿದ್ದೀಯಲ್ಲ, ನಿಂದೇ ಸರಿ ಇರ್ಬೇಕು ಅಂದ್ಕೊಂಡೆ.”

ನನಗೆ ನನ್ನ ಮೇಲೇ ಉಗಿಯಬೇಕೆನಿಸಿತು. ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದೆಂದು ಹೇಳಿದಾಗಲೇ ಗೊತ್ತಾಯಿತು. ಮಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮತ್ತೆ ಕನ್ನಡಿ ಎತ್ತಿ ಆ ಸಾಲನ್ನು ನೋಡುತ್ತಿದ್ದರು, ಅವರ ಕಿವಿ ಕೆಂಪಾಗುತ್ತಿತ್ತು. ಆ ಕೆಂಪು ಕಂಡು ಬಹಳ ವರ್ಷವಾಗಿತ್ತು.

“ಡ್ರಿಲ್ ಬಿಟ್ಟು! ಥೂ ನಿನ್ನ! ಇಪ್ಪತ್ತಾರು ವರ್ಷ ಕಲಿಸಿದ್ದು ಇದನ್ನೇನೇ ಕತ್ತೆ? ಓದದೆ ಬಿಚ್ಚಿದೆಯಾ? ನನ್ನ ಷೆಡ್ಡಲ್ಲಿ?” ಎಂದು ಗುಡುಗಿ, ಕೈ ಚಾಚಿದರು. “ಕೀಲಿ ಕೊಡು.”

ಕೊಟ್ಟೆ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬಾಗಿಲು ಹಾಕಿದೆನಾ ಎಂದು ಯಾರನ್ನೂ ಕೇಳದೆ ಷೆಡ್ಡಿಗೆ ನಡೆದರು. ನಾನು ಹಿಂದೆಯೇ ಹೋದೆ. ಹಿತ್ತಾಳೆಯ ಸರಳೊಂದನ್ನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ ಅರ ಹಿಡಿದು ಉಜ್ಜತೊಡಗಿದರು.

“ಗೇರೇ ಇಲ್ಲ, ಈಗ ಪಿನ್ನು ಯಾಕೆ ಮಾವ?”

“ಗೇರ್ ಸಿಕ್ಕಿದ ದಿನ ಪಿನ್ನಿಲ್ಲ ಅಂತ ನೀನು ಮತ್ತೆ ಡ್ರಿಲ್ ಬಿಟ್ಟು ತುರುಕೋದಕ್ಕಾ?”

ನೇತಾಡುತ್ತಿದ್ದ ಉಕ್ಕಿನ ತುಂಡು ಅವರ ಹಣೆಗೆ ತಾಗುವಷ್ಟು ಹತ್ತಿರವಿತ್ತು. ತೆಗೆಯೋಣವೆಂದು ಇಕ್ಕಳ ತೆಗೆದುಕೊಂಡು ತಂತಿಗೆ ಕೈ ಹಾಕಿದೆ. ಮಾವ ಉಜ್ಜುವುದನ್ನು ನಿಲ್ಲಿಸದೆ ಹೇಳಿದರು.

“ಅದನ್ನ ಮುಟ್ಟಬೇಡ. ಅಲ್ಲೇ ಇರ್ಲಿ.”

ಈಗಲೂ ಅಲ್ಲೇ ಇದೆ. ಅದರ ಕೆಳಗೇ ಕೂತು ನಾನು ಕೆಲಸ ಮಾಡುತ್ತೇನೆ.